ಎದೆಯ ಜೇಬಿನ ಕಾಗದ

ಐವತ್ತರ ದಶಕದ ಕೊನೆಯಲ್ಲಿ ನಾನು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಪೊಲೀಸ್ ಶೀಘ್ರಲಿಪಿಗಾರನಾಗಿದ್ದೆ. ವಿರೋಧ ಪಕ್ಷದವರ ಭಾಷಣವನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು, ಟೈಪ್ ಮಾಡಿ ಮೇಲಕ್ಕೆ ಕಳಿಸುವುದು ಕೆಲಸ. ಭಾಷಣಕಾರರ ಮಾತನ್ನಷ್ಟೇ ಬರೆಯಬೇಕು, ಜನರದು ಚಪ್ಪಾಳೆ ಸಾಕು ಎಂದು ಮೇಲಧಿಕಾರಿಯ ಕಟ್ಟಪ್ಪಣೆ.

ನನಗೆ ಹೆಚ್ಚು ಕೆಲಸ ಕೊಟ್ಟವರು ಒಬ್ಬ ನಾಯಕರು. ಅವರ ಹೆಸರು ಬರೆದು ಶಾಯಿ ದಂಡ ಮಾಡಲಾರೆ. ಕನ್ನಡದಲ್ಲಿ ಸರ್ಕಾರವನ್ನು ಬೈದು, ತಮಿಳಿನಲ್ಲಿ ಅತ್ತು, ತೆಲುಗಿನಲ್ಲಿ ಆಣೆ ಇಡುತ್ತಿದ್ದರು.

ಉರಿಗಾಂ ಸಭೆಯಲ್ಲಿ ಬೂದಿಕೋಟೆ ಕಡೆಯ ಮುನಿಯಮ್ಮ ಎಂಬಾಕೆ ವೇದಿಕೆ ಹತ್ತಿದಳು. ಅವಳ ಗಂಡ ಗಣಿಯ ಕಲ್ಲುಧೂಳಿನಿಂದ ಶ್ವಾಸಕೋಶ ಕೆಟ್ಟು ಸತ್ತಿದ್ದ. ಸಿಲಿಕೋಸಿಸ್ ಎನ್ನುವುದು ಇದನ್ನೇ. ಹಾಗೆಂದು ಡಾಕ್ಟರು ಬರೆದುಕೊಟ್ಟ ಸರ್ಟಿಫಿಕೇಟು ಒಂದೇ ಇತ್ತು, ಅದಿಲ್ಲದೆ ಪರಿಹಾರವಿಲ್ಲ. ತನ್ನ ಕಥೆ ಹೇಳಿ ಅದನ್ನು ನಾಯಕರ ಕೈಗಿಟ್ಟಳು. ಅವರು ಎತ್ತಿ ತೋರಿಸಿ, "ನ್ಯಾಯ ಸಿಗುವವರೆಗೆ ಈ ಕಾಗದ ನನ್ನ ಎದೆಯ ಮೇಲಿರುತ್ತದೆ" ಎಂದು ಜುಬ್ಬದ ಜೇಬಿಗೆ ಸೇರಿಸಿದರು. ಆ ವಾಕ್ಯ ಬರೆದುಕೊಂಡೆ. ಪಕ್ಕದಲ್ಲಿ 'ದೀರ್ಘ ಚಪ್ಪಾಳೆ' ಎಂದು ಸೇರಿಸಿದೆ.

ಕಾಗದ ಮತ್ತೆ ಹೊರಬರಲಿಲ್ಲ. ಅರವತ್ತರ ದಶಕದಲ್ಲಿ ನಾಯಕರು ತಾವು ಬೈದವರ ಜೊತೆಗೇ ರಾಜಿಯಾಗಿ ಬೇರೊಂದು ರಾಜ್ಯದ ರಾಜ್ಯಪಾಲರಾದರು. ಉಗುಳಿದ್ದನ್ನು ನೆಕ್ಕುವುದಕ್ಕೂ ಒಂದು ಮಿತಿ ಬೇಡವೇ ಎಂದು ನನಗೆ ಹೇಸಿಗೆಯಾಯಿತು.

ಒಮ್ಮೆ ರೈಲಿನಲ್ಲಿ ಹೋಗುವಾಗ ಹಾರ ಹಾಕಿಸಿಕೊಳ್ಳಲು ಬಂಗಾರಪೇಟೆಯಲ್ಲಿ ಇಳಿದರು. ನಾನು ಬಂದೋಬಸ್ತಿನಲ್ಲಿದ್ದೆ. ಮುನಿಯಮ್ಮ ಹೇಗೋ ನುಗ್ಗಿ ಬಂದಿದ್ದಳು.

"ಸಾಮಿ, ನನ್ ಕಾಗ್ದ ಕೊಟ್ಬುಡಿ. ಆಪೀಸ್ನಾಗೆ ಕೇಳ್ತಾವ್ರೆ."

"ಯಾವ ಕಾಗದ?"

"ಎದೆ ಮ್ಯಾಲೆ ಮಡಿಕ್ಕಂಡ್ರಲ್ಲಾ ಸಾಮಿ, ಅದು."

ಅವರು ಹೊಸ ಕೋಟನ್ನು ಸವರಿಕೊಂಡರು. "ರಾಜ್ಯಪಾಲರ ಕೋಟಿಗೆ ಅಲ್ಲಿ ಜೇಬಿಲ್ಲಮ್ಮ!"

ಹಾರ ಹಿಡಿದಿದ್ದವರೆಲ್ಲ ಹಲ್ಲುಕಿರಿದರು.

ಸರ್ಟಿಫಿಕೇಟು ಬರೆದ ಡಾಕ್ಟರು ಅಷ್ಟರಲ್ಲಿ ತೀರಿಹೋಗಿದ್ದರು. ಕಾಗದ ನಾಯಕರ ಕೈಸೇರಿದ್ದಕ್ಕೆ ಸಾಕ್ಷಿಯಾದೀತೆಂದು ನಾನು ಉರಿಗಾಂ ಸಭೆಯ ಹಳೆಯ ವರದಿ ಹುಡುಕಿ, ನಿಯಮ ಮೀರಿ ನಕಲು ಮಾಡಿಕೊಂಡು, ಅವಳೊಂದಿಗೆ ಪರಿಹಾರದ ಕಚೇರಿಗೆ ಹೋದೆ. ಅಧಿಕಾರಿ ಎರಡು ಸಲ ಓದಿ ಕೇಳಿದರು: "'ಈ ಕಾಗದ' ಅಂದ್ರೆ ಯಾವುದ್ರೀ? ಕೊಟ್ಟೋರು ಯಾರು?"

ವರದಿಯಲ್ಲಿ ಮುನಿಯಮ್ಮನ ಹೆಸರಿರಲಿಲ್ಲ. ಅರ್ಜಿ ವಜಾ ಆಯಿತು.

ಹೊರಗೆ ಬಂದು ಅವಳು ಕೇಳಿದಳು: "ಅವತ್ತು ಮುಂದ್ಗಡೇನೇ ಕುಂತು ಬರೀತಿದ್ರಲ್ಲಣ್ಣಾ, ನಾ ಏಳಿದ್ದು ಕೇಳಿಸ್ನಿಲ್ವಾ?"

ಆ ಮನುಷ್ಯನ ಮೇಲಿನ ತಿರಸ್ಕಾರ ನನಗೆ ಇಂದಿಗೂ ಇಳಿದಿಲ್ಲ. ಅದರಲ್ಲಿ ನನ್ನ ಪಾಲೂ ಇದೆ. ಯಾರಾದರೂ 'ಈ' ಎಂದರೆ ಯಾವುದು, ಯಾರದು ಎಂದು ಬರೆದುಕೊಳ್ಳಬೇಕೆಂದು ವೃತ್ತಿ ಕಲಿಸಿತು, ತಡವಾಗಿ. ಅವಳ ಒಂದೊಂದು ಮಾತೂ ನನಗೆ ಕೇಳಿಸಿತ್ತು. ಅವಳು ಮುಗಿಸಲಿ, ಆಮೇಲೆ ನಾಯಕರ ಮಾತು ಬರೆಯುವುದಿದೆ ಎಂದು ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಿದ್ದೆ.