ಸ್ಪ್ಯಾನಿಷ್ ಭಾಷೆಯಲ್ಲಿ ಹೋಗುವುದು

೧೯೫೮ರ ಶ್ರಾವಣದಲ್ಲಿ ಶಿರಾಳಕೊಪ್ಪದ ಸಂತೆಗೆ ಹೋದಾಗ, ಕಡಲೆಕಾಯಿ ಮಾರುವವನ ರದ್ದಿ ರಾಶಿಯಿಂದ ಒಂದು ಅರ್ಧ ಪುಸ್ತಕ ತಂದೆ. ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಸುವ ಪುಸ್ತಕ. ಮಿಕ್ಕ ಹಾಳೆಗಳೆಲ್ಲ ಪೊಟ್ಟಣವಾಗಿ ಮುಗಿದಿದ್ದವು. ಪೂರ್ತಿ ಉಳಿದದ್ದು ಒಂದೇ ಪಾಠ, ‘ಹೋಗು’ ಎಂಬ ಕ್ರಿಯಾಪದದ್ದು. ವೊಯ್ ಎಂದರೆ ಹೋಗುತ್ತೇನೆ. ವಾಸ್ ಎಂದರೆ ಹೋಗುತ್ತೀಯ. ವಾಮೋಸ್ ಎಂದರೆ ಹೋಗೋಣ. ಮೊದಲಿಗೆ ‘ನೋ’ ಸೇರಿಸಿದರೆ ಹೋಗುವುದಿಲ್ಲ ಎಂದಾಗುತ್ತದೆ. ಉಚ್ಚಾರ ನಮ್ಮದೇ, ತಿದ್ದುವವರು ನಮ್ಮೂರು ಶಿಕಾರಿಪುರದಲ್ಲಿ ಯಾರಿದ್ದರು?

ಸೊರಬದ ಕಡೆಗೆ ಕೊಟ್ಟಿದ್ದ ಅಕ್ಕ ಆಗ ಪಂಚಮಿಗೆಂದು ತವರಿಗೆ ಬಂದಿದ್ದಳು. ಹಬ್ಬ ಮುಗಿದು ತಿಂಗಳಾದರೂ ಗಂಡನ ಮನೆಯ ಮಾತೆತ್ತಲಿಲ್ಲ. ಗಂಡ ಹೊಡೆಯುತ್ತಾನೆಂದು ಅವ್ವನಿಗೆ ಹೇಳಿದ್ದಳು. ಅವ್ವ ಅಪ್ಪನಿಗೆ ಹೇಳಿದ್ದಳು. ಅಪ್ಪ ಏನೂ ಹೇಳಿರಲಿಲ್ಲ.

ಆ ಪಾಠವನ್ನು ಅಕ್ಕ ನನಗಿಂತ ಬೇಗ ಕಲಿತಳು. ಕೊಡ ಎತ್ತಿಕೊಂಡು “ವೊಯ್” ಎಂದು ಬಾವಿಗೆ ಹೊರಡುವಳು. ನಾನು ಚೀಲ ಹೆಗಲಿಗೇರಿಸಿದರೆ “ವಾಸ್ ಏನೋ ಸಾಲಿಗೆ?” ಎನ್ನುವಳು.

“ಅದೇನು ವೊಯ್ ವೊಯ್ ಅಂತೀರಿ, ಎತ್ತು ಹೊಡಿಯೋರಂಗೆ!” ಎಂದು ಅವ್ವ ಗದರುವಳು.

ಯಾರು ಎಷ್ಟು ವಾಕ್ಯ ಹೇಳಿದೆವೆಂದು ನಾನು ಡೈರಿಯಲ್ಲಿ ಗೀಟು ಹಾಕುತ್ತಿದ್ದೆ. ವಾರದ ಕೊನೆಗೆ ಕೂಡಿದರೆ ಯಾವಾಗಲೂ ಅಕ್ಕನದೇ ಮುಂದು.

ಒಂದು ಸೋಮವಾರ ಬೆಳಿಗ್ಗೆ ಅಕ್ಕನ ಮಾವ ಅವಳನ್ನು ಕರೆದೊಯ್ಯಲು ಬಂದರು. ಜಗಲಿಯ ಮೇಲೆ ಕೂತು, “ಏನ್ರೀ ಬೀಗರೇ, ಪಂಚಮಿ ಉಂಡಿ ಇನ್ನೂ ಖಾಲಿ ಆಗ್ಲಿಲ್ಲೇನ್ರೀ?” ಎಂದು ನಕ್ಕರು.

ಅಪ್ಪನೂ ನಗಬೇಕಾಯಿತು. “ಇವತ್ತೇ ಕರ್ಕೊಂಡು ಹೋಗ್ರಿ. ಮಧ್ಯಾಹ್ನಕ್ಕೆ ಬಸ್ ಐತಿ” ಎಂದರು.

ಮಜ್ಜಿಗೆ ತಂದಿದ್ದ ಅಕ್ಕ ಲೋಟವನ್ನು ಮಾವನ ಮುಂದಿಟ್ಟು, ನನ್ನನ್ನೇ ನೋಡುತ್ತ ಮೆಲ್ಲಗೆ “ನೋ ವೊಯ್” ಎಂದಳು.

“ಏನಂದ್ಲು ಹುಡುಗಿ?” ಎಂದರು ಮಾವ.

“ಹೋಗಲ್ಲ ಅಂತಿದಾಳೆ” ಎಂದುಬಿಟ್ಟೆ.

ಮಾವ ಲೋಟ ಮುಟ್ಟಲಿಲ್ಲ. ಅಪ್ಪ ಅಕ್ಕನ ಕಡೆ ತಿರುಗಿ, “ಹೌದೇನವ್ವಾ? ನಿನ್ನ ಬಾಯಿಂದಲೇ ಹೇಳು” ಎಂದರು. ಅಷ್ಟು ದಿನಗಳಲ್ಲಿ ಅವರು ಅವಳನ್ನು ಕೇಳಿದ್ದು ಅದೇ ಮೊದಲು.

ಅಕ್ಕ ಸೆರಗು ಸರಿಮಾಡಿಕೊಂಡಳು. “ಇಲ್ಲಪ್ಪ, ಹೋಗ್ತೀನಿ. ಅವನೇನೋ ಆಟಕ್ಕೆ ಹೇಳ್ತಾನೆ.”

“ಮತ್ತೆ!” ಎಂದು ಮಾವ ಮಜ್ಜಿಗೆ ಕುಡಿದರು. ಅವ್ವ ಒಳಗೆ ಹೋಗಿ ಉಡಿ ತುಂಬಲು ಅಕ್ಕಿ, ಕೊಬ್ಬರಿ ತೆಗೆದಳು.

ಟ್ರಂಕು ಹೊತ್ತುಕೊಂಡು ನಾನೂ ಬಸ್ ನಿಲ್ದಾಣಕ್ಕೆ ಹೋದೆ. ಮಾವ ನಾಲ್ಕು ಹೆಜ್ಜೆ ಮುಂದಿದ್ದರು.

“ಅಪ್ಪ ಕೇಳಿದ್ರಲ್ಲ, ಯಾಕಕ್ಕ ಹೇಳ್ಲಿಲ್ಲ?” ಎಂದೆ.

“ಕೇಳುವಾಗ ಅಪ್ಪನ ಮುಖ ನೋಡಿದೆಯೇನು ನೀನು?”

ನೋಡಿರಲಿಲ್ಲ. ನಾನು ಅವಳನ್ನೇ ನೋಡುತ್ತಿದ್ದೆ.

ಬಸ್ಸು ಬಂತು. ಮಾವ ಮೊದಲು ಹತ್ತಿ ಸೀಟು ಹಿಡಿದು, ಕಿಟಕಿಯ ಕಡೆ ಜಾಗ ಬಿಟ್ಟುಕೊಟ್ಟರು. ಅಕ್ಕ ಬೇಡವೆಂದು ನಡುದಾರಿಯ ಕಡೆಯ ತುದಿಯಲ್ಲಿ ಕೂತಳು. ಹೊರಗಿನಿಂದ ಅವಳು ನನಗೆ ಕಾಣಲಿಲ್ಲ.