ಪೇಢೆ, ಬರ್ಫಿ ಎರಡೂ

ನಾಸಿಕದ ಅಂಬಡ್‌ನಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದ ಬ್ರಹ್ಮಚಾರಿ ಧಾರವಾಡದವರು. ಹಿತ್ತಲ ನಾಲಾಕ್ಕೆ ಕಾರ್ಖಾನೆಗಳು ಬಿಡುವ ಹೊಲಸು ನೀರನ್ನು ಬಾಟಲಿಗೆ ತುಂಬಿ ಪರೀಕ್ಷೆಗೆ ಒಯ್ಯುವುದು ಅವರ ನೌಕರಿ. ಪರಿಸರ ಕಾಯ್ದೆ ಬಂದ ಹೊಸತು. ಅದರಿಂದ ಏನಾಗುತ್ತದೆಂದು ಯಾರು ಕೆಣಕಿದರೂ ಬಾಟಲಿಯನ್ನು ಬೆಳಕಿಗೆ ಹಿಡಿದು, "ನಾಲಾದಾಗ ಜೀವ ಬರಬೇಕ್ರಿ, ಕಾಯ್ದೆ ಅಂದ್ರ ಅಷ್ಟ" ಎನ್ನುತ್ತಿದ್ದರು.

ಕಾರ್ಖಾನೆಗಳು ನೀರು ಶುದ್ಧಮಾಡಿ ಬಿಡತೊಡಗಿದವು. ಮುಂದಿನ ಮಳೆಗಾಲದ ಒಂದು ಬೆಳಿಗ್ಗೆ ಅವರು ಮನೆಮನೆಗೂ ಪೇಢೆ, ಬರ್ಫಿ ಹಂಚುತ್ತ ಬಂದರು. ಆ ಕಡೆ ಗಂಡು ಹುಟ್ಟಿದರೆ ಪೇಢೆ, ಹೆಣ್ಣು ಹುಟ್ಟಿದರೆ ಬರ್ಫಿ ಕೊಡುವುದು ರೂಢಿ.

ನಮ್ಮವ್ವ ಹೌಹಾರಿದಳು. "ನಿಮ್ದಿನ್ನೂ ಲಗ್ನನ ಆಗಿಲ್ಲಲ್ರಿ! ಯಾರ ಕೂಸ್ರಿ?"

"ನಾಲಾದಾಗ ಕಪ್ಪಿ ಒದರ್ಲಿಕ್ಕೆ ಹತ್ಯಾವ್ರಿ, ವೈನಿ! ಗಂಡೋ ಹೆಣ್ಣೋ ತಿಳೀಲಿಲ್ಲ. ಎರಡೂ ತಂದೀನ್ರಿ."