ಬಿದಿರುಮೆಳೆಗೆ ಹೋದವರು

ಅವರ ಬಲಗೈ ಬೆರಳುಗಳ ತುದಿ ಹೊಳೆಯ ಕಲ್ಲಿನ ಹಾಗೆ ನುಣ್ಣಗೆ, ಗಟ್ಟಿಯಾಗಿತ್ತು. ಮುಂಬೈಯ ಹೋಟೆಲೊಂದರಲ್ಲಿ ವರ್ಷಗಟ್ಟಲೆ ದೋಸೆ ಕಾವಲಿಯ ಮುಂದೆ ನಿಂತವರ ಕೈ. ಊರಿಗೆ ಬಂದು ಗದ್ದೆ ಹಿಡಿದ ಮೇಲೂ ಆ ಬೆರಳಿಗೆ ಬಿಸಿ ತಾಗುತ್ತಿರಲಿಲ್ಲ. ಕದಿರು ಕಟ್ಟುವ ಹಿಂದಿನ ದಿನ ಬೆಳಿಗ್ಗೆಯೂ ಸಟ್ಟುಗ ಹುಡುಕದೆ, ಕಾವಲಿಯಿಂದ ನೀರುದೋಸೆಯನ್ನು ಬೆರಳಲ್ಲೇ ಎತ್ತಿ, ಮಡಚಿ ನನ್ನ ಬಟ್ಟಲಿಗೆ ಹಾಕಿದರು.

"ಎರಡೇ ಸಾಕಾ? ಮುಂಬೈಯಂಗಾರೆ ಗಿರಾಕಿ ಹೀಂಗ್ ಉಂಡ್ರೆ ಸೇಟ್ ನನ್ನ ಊರಿಗ್ ಕಳ್ಸ್ತಿದ್ದ" ಎಂದರು. ನಗಲಿಲ್ಲ. ತಮಾಷೆ ಮಾಡುವಾಗ ನನ್ನ ಗಂಡ ನಗುತ್ತಿರಲಿಲ್ಲ.

ನಮ್ಮ ಮನೆಯ ಕೊನೆಯ ಸಾಮಾನ್ಯ ದಿನ ಅದು. ಮರುದಿನ ಹೊಸ್ತು, ಅಂದರೆ ಹೊಸ ಅಕ್ಕಿಯ ಊಟ. ಹೊಸ್ತಿನ ಬೆಳಿಗ್ಗೆ ಗದ್ದೆಯಿಂದ ಹೊಸ ತೆನೆ ತಂದು, ಮಾವು, ಹಲಸು, ಬಿದಿರಿನ ಎಲೆಗಳ ಜೊತೆ ದಡ್ಡಾಲು ಮರದ ನಾರಿನಿಂದ ಕಟ್ಟಿ, ಮನೆಯ ಕಂಬಕ್ಕೆ, ಬಾವಿಗೆ, ಕೊಟ್ಟಿಗೆಗೆ ಕಟ್ಟುವುದು ನಮ್ಮ ಕಡೆಯ ಕ್ರಮ. ಕದಿರು ಕಟ್ಟುವುದು ಎಂದರೆ ಇದೇ. ಮಾವು, ಹಲಸಿನ ಎಲೆಯನ್ನು ಹಿಂದಿನ ದಿನವೇ ತಂದಿಡಬಹುದು. ಬಿದಿರೆಲೆ ಹಾಗಲ್ಲ, ಕೊಯ್ದ ಸ್ವಲ್ಪ ಹೊತ್ತಿಗೆ ಸುರುಳಿಯಾಗುತ್ತದೆ. ಸುರುಳಿಯಾದ ಎಲೆ ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಅದನ್ನು ಬೆಳಗಿನ ಜಾವಕ್ಕೇ ಬಿಡುತ್ತಿದ್ದರು.

ಕೆರಾಡಿಯ ನಮ್ಮ ಮನೆಯ ಹಿಂದೆ, ಕಾಡು ಶುರುವಾಗುವಲ್ಲಿ, ಹರಿಯುವ ತೋಡಿನ ಅಂಚಿಗೆ ಒಂದು ಬಿದಿರುಮೆಳೆ ಇದೆ. ಮಳೆಗಾಲ ಬಂತೆಂದರೆ ಅಲ್ಲೊಂದು ಹಾವು ಕಾಣಿಸುತ್ತಿತ್ತು. ಮರದ ಮೇಲೇ ಇರುವ ಹಸಿರು ಮಂಡಲ. ಬಳ್ಳಿಯಂತಿರುವ ಸಪೂರದ ಹಸಿರು ಹಾವಲ್ಲ ಇದು. ತಲೆ ಅಗಲ, ಕುತ್ತಿಗೆ ಸಣ್ಣ, ಮೈ ಎಳೆಬಿದಿರಿನ ಬಣ್ಣ. ಒಂದು ಗೆಣ್ಣಿನ ಮೇಲೆ ಸುತ್ತಿಕೊಂಡು ಕೂತರೆ ದಿನಗಟ್ಟಲೆ ಅಲುಗುತ್ತಿರಲಿಲ್ಲ. ಅದರ ಕಣ್ಣಿಗೂ ಮೂಗಿಗೂ ನಡುವೆ ಒಂದು ಸಣ್ಣ ಗುಳಿ ಇದೆ, ಕತ್ತಲಲ್ಲಿ ಹತ್ತಿರ ಬಂದ ಜೀವದ ಬಿಸಿಯನ್ನು ಅದರಿಂದಲೇ ತಿಳಿಯುತ್ತದೆ ಎಂದು ಫಾರೆಸ್ಟ್ ಗಾರ್ಡ್ ಒಬ್ಬರು ಇವರಿಗೆ ಹೇಳಿದ್ದರು. "ನಂಗ್ ಕಾವಲಿ ಮುಟ್ರೂ ಬಿಸಿ ಗೊತ್ತಾತಿಲ್ಲೆ, ಅದ್ಕ್ ಮುಟ್ಟದೇ ಗೊತ್ತಾತ್ ಕಾಣ್" ಎಂದು ಇವರು ನನಗೆ ಹೇಳಿದರು.

ಅದಕ್ಕೆ ಇವರು ಇಟ್ಟ ಹೆಸರು ಬಾಡಿಗೆಯವ. "ಬಾಡಿಗಿ ಕೊಡುದೂ ಇಲ್ಲೆ, ಮನಿ ಬಿಡುದೂ ಇಲ್ಲೆ."

ಪಕ್ಕದ ಮನೆಯ ಭಾವ ಒಮ್ಮೆ ದೊಣ್ಣೆ ಹಿಡಿದುಕೊಂಡೇ ಬಂದಿದ್ದರು. "ನಾಗ ಅಲ್ದಲೆ ಮಾರಾಯ, ಹೊಡೆದ್ರೆ ದೋಷ ಇಲ್ಲೆ" ಎಂದರು.

"ನಾಗ ಅಲ್ದಿರೆ ಬದ್ಕುಕೇ ಆಗ ಅಂದೇಳಿ ಇತ್ತಾ? ಹಾಂಗಾರೆ ನೀನೂ ನಾಗ ಅಲ್ಲ" ಎಂದರು ಇವರು. ಭಾವ ದೊಣ್ಣೆಯನ್ನು ನಮ್ಮ ಕೊಟ್ಟಿಗೆಯ ಗೋಡೆಗೆ ಒರಗಿಸಿ, ಕಾಫಿ ಕುಡಿದು ಹೋದರು.

ಕದಿರಿನ ಹಿಂದಿನ ಸಂಜೆ ಮಳೆ ಬಿಟ್ಟಿತ್ತು. ಇಬ್ಬರೂ ಮೆಳೆಯ ಹತ್ತಿರ ಹೋಗಿ ನೋಡಿದೆವು. ಎಂದಿನ ಗೆಣ್ಣು ಖಾಲಿ ಇತ್ತು.

"ಹೋಯ್ತ್ ಕಾಣ್. ಹೇಳ್ದೆ ಕೇಳ್ದೆ ಮನಿ ಖಾಲಿ ಮಾಡಿ ಹೋಯ್ತ್."

ಅವರ ಮುಖದಲ್ಲಿ ಸ್ವಲ್ಪ ಬೇಸರವಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಸ್ನಾನ ಮಾಡಿ ಹೋದರು. ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ಕದಿರು ಮನೆ ಹೊಕ್ಕ ಮೇಲೆ ಹೊಸ್ತಿನ ಮೊದಲ ತುತ್ತು ನುಂಗುವವರೆಗೆ ಯಾರೂ ಕೆಟ್ಟ ಸುದ್ದಿ ಆಡಬಾರದು. ಆಡಿದರೆ ಆ ವರ್ಷದ ಹೊಸ್ತು ಕೆಟ್ಟಿತು ಎಂದು ಲೆಕ್ಕ. ಹಿಂದಿನ ವರ್ಷ ಮಾವ ತೀರಿಹೋಗಿದ್ದರಿಂದ ಕದಿರು ಕಟ್ಟಿರಲಿಲ್ಲ. ಅತ್ತೆ ಈ ದಿನಕ್ಕಾಗಿ ಕಾದಿದ್ದರು. ಅಂಗಳ ಸಾರಿಸಿ, ದೀಪ ಹಚ್ಚಿಕೊಂಡು ಮೆಟ್ಟಿಲಲ್ಲೇ ನಿಂತಿದ್ದರು.

ಇವರು ಮುಂಡಾಸು ಕಟ್ಟಿ, ಹರಿವಾಣದಲ್ಲಿ ತೆನೆ ಇಟ್ಟು ತಲೆಯ ಮೇಲೆ ಹೊತ್ತು ಬಂದರು. ನಾನು ಕಾಲಿಗೆ ನೀರು ಹಾಕಿದೆ. ಎಡಗೈಯೊಂದರಲ್ಲೇ ಹರಿವಾಣ ಹಿಡಿದಿದ್ದರು. ಬಲಗೈ ಮಣಿಕಟ್ಟಿಗೆ ದಡ್ಡಾಲು ನಾರು ಬಿಗಿಯಾಗಿ ಸುತ್ತಿತ್ತು.

"ಹ್ವಾಯ್, ಕೈಗೆ ಎಂತಾಯ್ತ್?"

"ಬಿದ್ರ್ ಮುಳ್ಳ್ ತಾಗ್ತ್. ರಕ್ತ ನಿಲ್ಲಲಿ ಅಂದೇಳಿ ಕಟ್ಟಿದ್ದೆ. ಅಡ್ಡಿಲ್ಲೆ."

ಅಡ್ಡಿಲ್ಲೆ ಎನ್ನುವುದು ಅವರ ಯಾವತ್ತಿನ ಮಾತು. ಜ್ವರ ಬಂದರೂ, ಕೊಯ್ಲಿನ ಹೊತ್ತಿಗೆ ಮಳೆ ಸುರಿದರೂ, ಡಾಕ್ಟರು ಶುಗರ್ ಇದೆ ಎಂದಾಗಲೂ ಅದನ್ನೇ ಹೇಳಿದ್ದರು. ಕಂಬಕ್ಕೆ, ಬಾವಿಗೆ, ಕೊಟ್ಟಿಗೆಗೆ ಎಡಗೈಯಿಂದಲೇ ಕದಿರು ಕಟ್ಟಿದರು. ಗಂಟು ಸರಿಯಾಗಿ ಬೀಳುತ್ತಿರಲಿಲ್ಲ. ನಾನು ಹಿಡಿಯಲು ಹೋದರೆ "ನೀ ಪಾಯಸ ಕಾಣ್, ತಳ ಹಿಡಿತ್" ಎಂದು ಒಳಗೆ ಕಳಿಸಿದರು.

ಹೊಸ ಅಕ್ಕಿಯ ಕಾಳು ಹಾಕಿದ ಪಾಯಸ ಬಡಿಸಿ ಆಯಿತು. ಇವರು ತಾಯಿಯ ಕಾಲು ಮುಟ್ಟಿ, "ಅಬ್ಬಿ, ಹೊಸ್ತ್ ಉಣ್ತೆ" ಎಂದು ಅಪ್ಪಣೆ ಕೇಳಿದರು. ಅತ್ತೆ "ಉಣ್ ಮಗ, ನೂರ್ ಕಾಲ ಉಣ್" ಎಂದರು. ಎಡಗೈಯಿಂದ ಉಣ್ಣುವಂತಿಲ್ಲವಲ್ಲ. ಬಾಳೆಲೆಯ ಅಂಚಿನಡಿ ಇಟ್ಟುಕೊಂಡಿದ್ದ ಬಲಗೈಯನ್ನು ಆಗ ಮೇಲಕ್ಕೆ ತಂದರು. ಅದು ಉಬ್ಬಿ, ಬೆರಳುಗಳು ಕಪ್ಪಗಾಗಿದ್ದವು. ಆ ಕೈಯಿಂದಲೇ ಒಂದು ತುತ್ತು ಬಾಯಿಗೆ ಹಾಕಿಕೊಂಡು, ನುಂಗಿ, ನನ್ನ ಕಡೆ ನೋಡಿ ಹೇಳಿದರು:

"ಮುಳ್ಳಲ್ಲ ಕಾಣ್. ಬಾಡಿಗೆಯವ ಮನಿ ಬಿಟ್ಟಿರ್ಲಿಲ್ಲೆ. ಆಚಿ ಬದಿಗ್ ಹೋಯಿತ್ತ್ ಅಷ್ಟೇ."

ಪಕ್ಕದ ಮನೆಯ ಭಾವ ಕಾರು ತಂದರು. ಕುಂದಾಪುರದವರೆಗೂ ಬೈಯುತ್ತಲೇ ಇದ್ದರು. "ನಿಂಗ್ ಬುದ್ಧಿ ಇತ್ತಾ? ಬೆಳಿಗ್ಗೆಯೇ ಹೇಳುಕ್ ಎಂತ ಆಯಿತ್ತ್?" ಹಿಂದಿನ ಸೀಟಿನಲ್ಲಿ ನನ್ನ ಭುಜಕ್ಕೆ ಒರಗಿದ್ದ ಇವರು, "ನೀ ಹೊಂಡ ತಪ್ಸಿ ಬಿಡ್ ಮಾರಾಯ, ಬೈಯುದ್ ಮತ್ತೆ" ಎಂದರು.

ಆಸ್ಪತ್ರೆಯ ಡಾಕ್ಟರು ಮೊದಲು ನಾರನ್ನು ಕತ್ತರಿಸಿದರು. ಆಮೇಲೆ ನನ್ನನ್ನು ಬದಿಗೆ ಕರೆದು ನಿಧಾನವಾಗಿ ವಿವರಿಸಿದರು. ನಾಗರಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಈ ಹಾವಿನ ವಿಷಕ್ಕೆ ಹಿಡಿಯುವುದಿಲ್ಲ. ಆದರೆ ಇದು ಕಚ್ಚಿದರೆ ಜೀವ ಹೋಗುವುದು ಬಹಳ ಅಪರೂಪ, ಬಾವು ಬಂದು ಇಳಿಯುತ್ತದೆ. ಬಿಗಿಯಾಗಿ ಕಟ್ಟಿದ್ದರಿಂದ ಕೈಗೆ ರಕ್ತ ಹೋಗಿಲ್ಲ, ವಿಷವೆಲ್ಲ ಅಲ್ಲೇ ನಿಂತಿದೆ, ಮೇಲಾಗಿ ಶುಗರ್ ಇದೆ. "ಕಟ್ಟದೆ, ಕೂಡಲೇ ಬಂದಿದ್ದರೆ ಒಳ್ಳೆಯದಿತ್ತಮ್ಮ" ಎಂದರು.

ಮೊದಲು ಬೆರಳು ತೆಗೆದರು, ಆಮೇಲೆ ಅಂಗೈ. ಕಾವಲಿಯ ಬಿಸಿ ತಾಗದಿದ್ದ ಆ ಬೆರಳುಗಳನ್ನು ನಾನು ಮತ್ತೆ ನೋಡಲಿಲ್ಲ. ಎಚ್ಚರವಿದ್ದಾಗ ಅವರು ಗದ್ದೆಯ ನೀರಿನ ಬಗ್ಗೆ, ಅಬ್ಬಿ ಉಂಡರೋ ಇಲ್ಲವೋ ಎಂಬ ಬಗ್ಗೆ ಕೇಳುತ್ತಿದ್ದರು. ಯಾಕೆ ಹೇಳಲಿಲ್ಲ ಎಂಬ ಮಾತು ನನ್ನ ಬಾಯಿಯವರೆಗೆ ಬರುತ್ತಿತ್ತು. ನೋವಿನಲ್ಲಿರುವವರ ಹತ್ತಿರ ಜಗಳ ಬೇಡ, ಗುಣವಾಗಿ ಮನೆಗೆ ಬರಲಿ, ಸರಿಯಾಗಿಯೇ ಕೇಳುತ್ತೇನೆ ಎಂದುಕೊಂಡು ಸುಮ್ಮನಿದ್ದೆ. ನಂಜು ಮೈಗೆ ಏರಿತು. ಮೂತ್ರ ನಿಂತಿತು. ದೊಡ್ಡ ಆಸ್ಪತ್ರೆಗೆ ಸಾಗಿಸಿದ ಮೇಲೆ ಅವರಿಗೆ ಎಚ್ಚರ ಬರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಭಾವ ಮೆಳೆ ಕಡಿಯಲು ಜನ ಕರೆತಂದರು. ಅತ್ತೆ ಬಾಗಿಲಲ್ಲಿ ನಿಂತು, "ಅವ ಇಪ್ಪು ಹೊತ್ತಿಗೆ ಕಡುಕ್ ಬಿಡ್ಲಿಲ್ಲೆ. ಈಗ ಕಡುದ್ ಬ್ಯಾಡ" ಎಂದರು. ಜನ ಹಿಂತಿರುಗಿದರು. ಹಾವು ಇದೆಯೋ ಇಲ್ಲವೋ ನನಗೆ ತಿಳಿಯದು. ನಾನು ಆ ಕಡೆ ಹೋಗುವುದಿಲ್ಲ.

ಅತ್ತೆಗೆ ಈಗ ನೆನಪು ಅಷ್ಟಿಲ್ಲ. ಆದರೆ ಒಂದನ್ನು ಮಾತ್ರ ಆಗಾಗ ಕೇಳುತ್ತಾರೆ. "ಹೆಣ್ಣೇ, ನಿನ್ಹತ್ರ ಆದ್ರೂ ಹೇಳಿದ್ನಾ, ಎಂತಕ್ ಸುಮ್ನೆ ಕೂಕಂಡ ಅಂದೇಳಿ?"

"ಇಲ್ಲೆ ಅತ್ತೆ" ಎನ್ನುತ್ತೇನೆ.

ಕಟ್ಟಳೆಗಾಗಿಯೋ, ತಾಯಿಯ ಸಂತೋಷಕ್ಕಾಗಿಯೋ, ನಿಜವಾಗಿಯೂ ಅಡ್ಡಿಲ್ಲ ಎಂದುಕೊಂಡೋ ನನಗೆ ಗೊತ್ತಿಲ್ಲ. ಗಂಡ ಹೆಂಡತಿ ಕೂತು ಆಡಬೇಕಾಗಿದ್ದ ಜಗಳ ಅದು. ಅದನ್ನು ನಾವು ಆಡಲೇ ಇಲ್ಲ.